ನಿಮ್ಮ ಬ್ಲೌಸ್ ರೆಡಿ ಇದೆ

ಹೋದ ವಾರ ನನ್ನ ಫೋನಿಗೊಂದು ಮೆಸೇಜ್ ಬಂತು. ‘ಪ್ರಿಯ ಗ್ರಾಹಕರೇ, ನಿಮ್ಮ ಬ್ಲೌಸ್ ರೆಡಿ ಇದೆ.’ ಹೇಳಿದ ದಿನಕ್ಕೆ ಸರಿಯಾಗಿ! ಓದಿ ಖುಷಿಪಡೋದು ಬಿಟ್ಟು ಪೆಚ್ಚಾಗಿ ಕೂತೆ.

ಟೈಲರ್ ಟೈಮಿಗೆ ಸರಿಯಾಗಿ ಹೊಲಿದುಕೊಟ್ಟರೆ ಯಾರಾದರೂ ಬೇಜಾರು ಮಾಡಿಕೊಳ್ತಾರಾ? ನಾನು ಮಾಡಿಕೊಂಡೆ. ಕಾರಣ ಕೇಳಿ.

ಮತ್ತಿಕೆರೆಯ ರಶೀದ್ ಭಾಯ್ ಹತ್ತಿರ ನಾನು ಬ್ಲೌಸ್ ಹೊಲಿಸೋದು ಇವತ್ತು ನಿನ್ನೆಯಿಂದಲ್ಲ. ಕೈಕೆಲಸ ಅಚ್ಚುಕಟ್ಟು. ಮಾತು ಮಾತ್ರ (ಕ್ಷಮಿಸಿ ಭಾಯ್) ಅಪ್ಪಟ ಸುಳ್ಳು. ಯಾವತ್ತು ಹೋದರೂ ‘ನಾಳೆ ಬನ್ನಿ ಮೇಡಂ’. ನಾಳೆ ಹೋದರೆ ‘ಕೂತ್ಕೊಳ್ಳಿ ಮೇಡಂ, ಹುಕ್ ಹಾಕೋದೊಂದೇ ಬಾಕಿ’. ವಿದ್ಯಾರಣ್ಯಪುರದಿಂದ ಬಸ್ಸಲ್ಲಿ ನೇತಾಡಿಕೊಂಡು ಬಂದವಳು ಬರಿಗೈಲಿ ವಾಪಸ್ ಹೋಗೋಕಾಗುತ್ತಾ? ಮನಸ್ಸಲ್ಲೇ ಬೈದುಕೊಂಡು ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂರುತ್ತಿದ್ದೆ.

ಆ ಬೆಂಚಿನ ಮೇಲೆ ಸಿಕ್ಕಿದವರೇ ಶೆಟ್ಟಿಹಳ್ಳಿ ಮೇಡಂ.

ಅವರ ಹೆಸರು ನನಗೆ ಗೊತ್ತಿಲ್ಲ. ಭಾಯ್ ಅಂಗಡಿಯಲ್ಲಿ ಯಾರಿಗೂ ಹೆಸರಿಲ್ಲ, ಏರಿಯಾ ಮಾತ್ರ. ಅವರು ಶೆಟ್ಟಿಹಳ್ಳಿ ಮೇಡಂ, ನಾನು ವಿದ್ಯಾರಣ್ಯಪುರ ಮೇಡಂ. ನಾವಿಬ್ಬರೂ ಒಬ್ಬರನ್ನೊಬ್ಬರು ಹಾಗೇ ಕರೆಯುತ್ತಿದ್ದೆವು. ಫೋನ್ ನಂಬರ್ ತಗೋಬೇಕು ಅಂತ ಹೊಳೆಯಲೇ ಇಲ್ಲ. ಯಾಕಾದರೂ ಹೊಳೆಯಬೇಕು? ಭಾಯ್ ಸುಳ್ಳು ಹೇಳುತ್ತಿರುವವರೆಗೂ ನಮ್ಮ ಭೇಟಿಗೆ ಮೋಸವಿರಲಿಲ್ಲ.

ಅವರು ತಮ್ಮ ಮನೆಯ ಕಥೆಯನ್ನು ಕಂತುಕಂತಾಗಿ ಹೇಳುತ್ತಿದ್ದರು. ತಲೆತಲಾಂತರದಿಂದ ಶೆಟ್ಟಿಹಳ್ಳಿಯವರೇ. ಹೊಲ ಹೋಗಿ ಲೇಔಟ್ ಆದಾಗ ಪಾಲಿನ ವಿಷಯಕ್ಕೆ ಇವರಿಗೂ ಅಕ್ಕನಿಗೂ ಮಾತು ನಿಂತುಹೋಯಿತು. ಅಕ್ಕನ ಮನೆ ಹಿಂದಿನ ಬೀದಿಯಲ್ಲೇ. ತರಕಾರಿ ಗಾಡಿ ಹತ್ತಿರ ಎದುರಾದರೂ ಇಬ್ಬರೂ ಟೊಮೆಟೊ ನೋಡುತ್ತಾರಂತೆ!

ಕೊನೆಯ ಸಲ ಸಿಕ್ಕಾಗ ಅವರ ಕೈಯಲ್ಲಿ ಹಸಿರು ರೇಷ್ಮೆಯ ಬ್ಲೌಸ್ ಪೀಸ್ ಇತ್ತು. ‘ಅಕ್ಕನ ಮಗಳ ಮದ್ವೆ ಕಣ್ರೀ. ಯಾರ್ ಕೈಲೋ ಕಾರ್ಡ್ ಕಳ್ಸವ್ಳೆ. ತಾನೇ ಬಂದು ಕುಂಕುಮ ಇಟ್ಟು ಕರೀಲಿಲ್ಲ. ಓಗ್ಲಾ, ಬ್ಯಾಡ್ವಾ?’

ನಾನು ಬಾಯಿ ತೆರೆಯುವಷ್ಟರಲ್ಲಿ ಅವರೇ ತಡೆದರು. ‘ಈಗ್ಲೇ ಏಳ್ಬೇಡಿ. ಬ್ಲೌಸ್ ಇಸ್ಕೊಳಕ್ಕೆ ಎಂಗಿದ್ರೂ ನಾಕ್ ಸಲ ಬರ್ಬೇಕಲ್ಲ, ಆಗ ಏಳಿ.’

ಬರಬೇಕಾಗಲಿಲ್ಲ. ಅಷ್ಟರಲ್ಲಿ ಭಾಯ್ ಮಗಳು ಶಬಾನಾ ಬಿ.ಕಾಂ. ಮುಗಿಸಿ ಅಂಗಡಿಗೆ ಬಂದಳು. ‘ಕಸ್ಟಮರಾಂ ಕು ಬಿಠಾನಾ ನಕ್ಕೋ ಅಬ್ಬಾ’ ಎಂದು, ಗಿರಾಕಿಗಳನ್ನು ಕೂರಿಸೋ ಪದ್ಧತಿಯನ್ನೇ ನಿಲ್ಲಿಸಿದಳು. ಬಟ್ಟೆ ರೆಡಿಯಾದರೆ ಮೆಸೇಜ್. ಬನ್ನಿ, ತಗೊಳ್ಳಿ, ಹೋಗಿ.

ಒಳ್ಳೇದೇ ಅಲ್ವಾ? ಈಗ ಲ್ಯಾಬ್ ರಿಪೋರ್ಟಿನಿಂದ ಹಿಡಿದು ಹಿಟ್ಟಿನ ಗಿರಣಿವರೆಗೆ ಎಲ್ಲರೂ ಮೆಸೇಜ್ ಕಳಿಸುತ್ತಾರೆ. ಕಾಯೋದು ತಪ್ಪಿತು. ಜೊತೆಗೆ, ಪಕ್ಕದಲ್ಲಿ ಕೂತು ಕಾಯುತ್ತಿದ್ದವರೂ ತಪ್ಪಿಹೋದರು.

ಆ ಮೆಸೇಜ್ ನೋಡಿ ಅಂಗಡಿಗೆ ಹೋದೆ. ಬೆಂಚಿನ ಮೇಲೆ ಲೈನಿಂಗ್ ಬಟ್ಟೆಯ ರಾಶಿ. ‘ಶೆಟ್ಟಿಹಳ್ಳಿ ಮೇಡಂ ಬಂದಿದ್ರಾ ಭಾಯ್?’

ಭಾಯ್ ಹ್ಯಾಂಗರ್ ಕಡೆ ಕೈ ತೋರಿಸಿದರು. ಹಸಿರು ಬ್ಲೌಸ್ ಅಲ್ಲೇ ನೇತಾಡುತ್ತಿತ್ತು. ‘ಮದ್ವೆಗೆ ಮುಂಚೇನೇ ರೆಡಿ ಮಾಡಿದ್ದೆ ಮೇಡಂ. ಮೆಸೇಜ್ ಡೆಲಿವರ್ಡ್ ಅಂತಾನೂ ತೋರಿಸ್ತಿದೆ. ಅವ್ರು ಬರ್ಲೇ ಇಲ್ಲ.’

ಮದುವೆಗೆ ಹೋಗಲಿಲ್ಲವಾ? ಬೇರೆ ಸೀರೆ ಉಟ್ಟು ಹೋದರಾ? ಅವರ ಪಕ್ಕ ಕೂರಬೇಕು ಅನ್ನಿಸಿತು, ತುಂಬಾ ಅನ್ನಿಸಿತು. ನಂಬರ್ ಕೇಳಿದೆ.

‘ಹೆಂಗ್ ಕೊಡ್ಲಿ ಮೇಡಂ? ನಿಮ್ ನಂಬರ್ ಯಾರಿಗಾದ್ರೂ ಕೊಟ್ರೆ ನೀವ್ ಸುಮ್ನಿರ್ತೀರಾ?’ ಅದೂ ನಿಜ. ‘ಬೇಕಾದ್ರೆ ಒಂದು ಮೆಸೇಜ್ ಹಾಕಿಸ್ತೀನಿ.’

ಶಬಾನಾ ಫೋನ್ ಹಿಡಿದಳು. ‘ಏನಂತ ಹಾಕ್ಲಿ ಆಂಟಿ?’

‘ನಿಮ್ಮ ಬ್ಲೌಸ್ ಇನ್ನೂ ಆಗಿಲ್ಲ, ನಾಳೆ ಬನ್ನಿ. ವಿದ್ಯಾರಣ್ಯಪುರ ಮೇಡಂ ಬೆಂಚಿನ ಮೇಲೆ ಕೂತಿರ್ತಾರೆ.’

‘ರೆಡಿ ಇದೆಯಲ್ಲ ಆಂಟಿ. ಸುಳ್ಳು ಹಾಕೋದಾ?’

‘ಹಾಕಮ್ಮ. ನಿಮ್ಮಪ್ಪ ಇಷ್ಟು ವರ್ಷ ಹೇಳಿಲ್ವಾ?’

ಭಾಯ್ ಮಿಷನ್ನಿನ ಮೇಲೆ ತಲೆ ಬಗ್ಗಿಸಿ ನಕ್ಕರು. ಸ್ವಲ್ಪ ಹೊತ್ತಿಗೆ ಉತ್ತರ ಬಂತು. ‘ಮದ್ವೆಗೆ ಹೋಗ್ಲಿಲ್ಲ ಅಂತ ಮೇಡಂಗೆ ಹೇಳಿ. ನಾಳೆ ಬರ್ತೀನಿ.’

ಮರುದಿನ ನಾನು ಊಟ ಮುಗಿಸಿದವಳೇ ಬಸ್ ಹತ್ತಿದೆ. ಲೈನಿಂಗ್ ರಾಶಿಯನ್ನು ಸರಿಸಿ ಇಬ್ಬರಿಗಾಗುವಷ್ಟು ಜಾಗ ಮಾಡಿಕೊಂಡು ಕೂತೆ. ಯಾರ್ಯಾರೋ ಬಂದರು, ಫೋನ್ ತೋರಿಸಿದರು, ಕವರ್ ತಗೊಂಡು ಹೊರಟರು. ಯಾರೂ ಕೂರಲಿಲ್ಲ. ಅಕ್ಕನ ಮನೆಗೆ ಈಗಲಾದರೂ ಹೋಗಿ ಬನ್ನಿ, ಬೇಕಾದರೆ ಜೊತೆಗೆ ನಾನೂ ಬರ್ತೀನಿ ಅಂತ ಹೇಳಬೇಕಿತ್ತು. ಆ ಮಾತನ್ನು ಬಾಯಲ್ಲೇ ಇಟ್ಟುಕೊಂಡು, ದೀಪ ಹಚ್ಚುವ ಹೊತ್ತಿನವರೆಗೂ ಬಾಗಿಲು ನೋಡಿದೆ. ಅವರು ಬರಲಿಲ್ಲ.

ಶಟರ್ ಎಳೆಯುವಾಗ ಭಾಯ್ ಮೆಲ್ಲಗೆ ಅಂದರು, ‘ನಾಳೆ ಬನ್ನಿ ಮೇಡಂ.’

ಇಷ್ಟು ವರ್ಷದಲ್ಲಿ ಅವರ ಆ ಮಾತನ್ನು ನಾನು ನಂಬಿದ್ದು ಇದೇ ಮೊದಲು.