ಮೂರು ದಿನದ ಬಡಗಿ ಕಟ್ಟಿದ ಕೀರ್ತಿಸ್ತಂಭ

ಮೋಹನದಾಸ್ ಕಟ್ಟಿದ್ದಕ್ಕೆಲ್ಲ ಮೂರೇ ದಿನದ ಆಯುಸ್ಸು. ದುಬೈಯ ವಸ್ತುಪ್ರದರ್ಶನಗಳಿಗೆ ಮಳಿಗೆ ಕಟ್ಟುವ ಬಡಗಿ ಅವರು. ಅಲ್ ಕುಸೈಸಿನ ಗೋದಾಮಿನಲ್ಲಿ ಇಪ್ಪತ್ತೊಂದು ವರ್ಷದ ಕೆಲಸ. ಅರಮನೆಗೊಪ್ಪುವ ಬಾಗಿಲನ್ನೂ ನಾಲ್ಕನೆಯ ದಿನ ಅವರೇ ಬಿಚ್ಚಿ ಕಸದ ಲಾರಿಗೆ ಹಾಕಿಸಬೇಕು. ಕಾರ್ಕಳದಿಂದ ಬಂದಿದ್ದ ಹೆಂಡತಿ ಲೋಲಾಕ್ಷಿ, "ನೀವು ಮಾಡಿದ್ದು ಒಂದಾದರೂ ತೋರಿಸಿ ಮಾರಾಯ್ರೆ" ಎಂದಾಗ ತೋರಿಸಲು ಫೋನಿನ ಪಟಗಳು ಮಾತ್ರ ಇದ್ದವು.

ಗೆಳತಿ ಕೊಟ್ಟ ವಿಳಾಸ ಹಿಡಿದು ಐಶ್ವರ್ಯಾ ಎಂಬ ಕನ್ನಡತಿ ಅವರ ಗೋದಾಮಿಗೆ ಬಂದಾಗ ಅವಳ ಕೈಯಲ್ಲಿ ಕುಸಿದ ರಟ್ಟಿನ ಗೋಪುರವಿತ್ತು. ಮಗಳು ಮಾನ್ಯಳ ಶಾಲೆಯಲ್ಲಿ ನಾಡಿದ್ದಿನಿಂದ ಪ್ರದರ್ಶನ. ವಾರವಿಡೀ ಅಂಟಿಸಿದ್ದು ಕಾರಿನ ಬಿಸಿಗೆ ಬಿಚ್ಚಿಕೊಂಡಿತ್ತು.

"ಎಂತ ಇದು, ಬುರ್ಜ್ ಖಲೀಫವಾ?"

"ಅಯ್ಯೋ, ಚಿತ್ತೋರಿನ ಕೀರ್ತಿಸ್ತಂಭ ಮೋಹನಣ್ಣ! ಜೀಜಾ ಅಂತ ಒಬ್ಬ ಜೈನ ವ್ಯಾಪಾರಿ ಆದಿನಾಥ ತೀರ್ಥಂಕರರಿಗೆ ಅಂತ ಕಟ್ಟಿಸಿದ್ದು."

ಅವಳು ಫೋನಿನಲ್ಲಿ ತೋರಿಸಿದ ಚಿತ್ರವನ್ನೂ ಅದರ ಕೆಳಗಿನ ವಿವರಣೆಯನ್ನೂ ಅವರು ಬಹಳ ಹೊತ್ತು ನೋಡಿದರು. "ಬುಡ ಅಗಲ, ನಡು ಸಪೂರ, ತುದಿಯಲ್ಲಿ ಕಂಬದ ಮಂಟಪ ಪುನಃ ಅಗಲ. ಒಳಗೆ ಮೆಟ್ಟಿಲು ಬೇರೆ. ಎಂಥ ಕೈ ಅಕ್ಕ ಆ ಶಿಲ್ಪಿಗಳದ್ದು! ನೀವು ಬುಡದಿಂದ ತುದಿವರೆಗೆ ಒಂದೇ ಡಬ್ಬ ಮಾಡಿದ್ದೀರಿ. ಇರಲಿ, ನಾನು ಮರದಲ್ಲಿ ಮಾಡಿ ಕೊಡ್ತೇನೆ."

ಮರುದಿನ ಸಂಜೆಗೆ ಮೊಳದುದ್ದದ ಮರದ ಸ್ತಂಭ ಸಿದ್ಧ. ನಾಲ್ಕೂ ಬದಿಗೆ ಹೆಬ್ಬೆರಳಷ್ಟು ಎತ್ತರದ ತೀರ್ಥಂಕರರು ನೆಟ್ಟಗೆ ನಿಂತಿದ್ದರು.

"ಬೀಳಲ್ಲ ತಾನೆ?" ಎಂದು ಐಶ್ವರ್ಯಾ ನಾಲ್ಕನೆಯ ಸಲ ಕೇಳಿದಳು.

"ಮೂರು ದಿನಕ್ಕೆ ಎಂತದೂ ಆಗುದಿಲ್ಲ."

"ಅಸಲಿದು ಎಂಟುನೂರು ವರ್ಷದಿಂದ ನಿಂತಿದೆ. ನಮ್ಮದು ಮೂರು ದಿನ ನಿಲ್ಲುತ್ತೋ ಇಲ್ವೋ ಅಂತ ಭಯ."

ಮೋಹನದಾಸ್ ಸ್ತಂಭವನ್ನು ಅವಳ ಕೈಯಿಂದ ಮೆಲ್ಲನೆ ತೆಗೆದುಕೊಂಡು, "ಬೆಳಿಗ್ಗೆ ಬನ್ನಿ" ಎಂದರು. ಬೆಳಿಗ್ಗೆ ಅವಳು ಬಂದು ನೋಡಿದರೆ ಸ್ತಂಭದಲ್ಲಿ ಒಂದೇ ಒಂದು ಸ್ಕ್ರೂ ಇರಲಿಲ್ಲ. ಸ್ಕ್ರೂ ತೆಗೆದು, ಕಳಚದಂತೆ ಎಲ್ಲ ಕಡೆ ಮರದ ಬೆಣೆ ಹೊಡೆದಿದ್ದರು.

ಮೂರನೆಯ ದಿನ ಪ್ರದರ್ಶನ ಮುಗಿಯುವ ಹೊತ್ತಿಗೆ ಶಾಲೆಯ ಬಾಗಿಲಲ್ಲಿ ಅವರು ಎಂದಿನ ರೂಢಿಯಂತೆ ಡ್ರಿಲ್ ಹಿಡಿದು ನಿಂತಿದ್ದರು. "ಬಿಚ್ಚಲಿಕ್ಕೆ ಬಂದೆ."

"ಅಂಕಲ್, ನೋ ಸ್ಕ್ರೂಸ್!" ಮಾನ್ಯ ನಕ್ಕಳು. "ಲೈಬ್ರರಿಯಲ್ಲಿ ಇಡ್ತಾರಂತೆ. ಫಾರೆವರ್!"

ಮೋಹನದಾಸ್ ಡ್ರಿಲ್ಲನ್ನು ಚೀಲಕ್ಕೆ ಸೇರಿಸಿ ಅವರ ಜೊತೆ ಲೈಬ್ರರಿಗೆ ಹೋದರು. ಕಪಾಟಿನ ಮೇಲೆ ತಮ್ಮ ಸ್ತಂಭ ನೋಡಿದರು. ಆಮೇಲೆ ಚಾವಣಿ ನೋಡಿದರು.

"ಅಕ್ಕ, ಆ ಏಸಿಯಿಂದ ನೀರು ಬೀಳುದಿಲ್ಲವಾ? ಮರ ಉಬ್ಬಿದರೆ?"

"ಟೆನ್ಶನ್ ಮಾಡ್ಕೋಬೇಡಿ ಮೋಹನಣ್ಣ" ಎಂದವಳೇ ಐಶ್ವರ್ಯಾ ಕುರ್ಚಿ ಎಳೆದು ಹತ್ತಿ, ಏಸಿಯ ಕೆಳಗೆ ಅಂಗೈ ಒಡ್ಡಿದಳು.