ಇಂಜೆಕ್ಷನ್ ಚುಚ್ಚಲು ಬಾರದವಳ ಸಂದರ್ಶನ

ಗೆಳೆಯರೇ, ಇವತ್ತು ಬೆಳಿಗ್ಗೆ ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ನನ್ನ ಸಂದರ್ಶನ ನಡೆಯಿತು. ಕಾರ್ಮಿಕರಿಗೆ ಆರೋಗ್ಯದ ತಿಳಿವಳಿಕೆ ಕೊಡಲು ಅವರಿಗೆ ಒಬ್ಬರು ಬೇಕಾಗಿದ್ದರು. ವಿಶ್ವವಿದ್ಯಾಲಯದಲ್ಲಿ ನಾನು ಎರಡು ವರ್ಷ ಓದಿದ್ದೂ ಅದನ್ನೇ.

ಎದುರಿಗೆ ಮ್ಯಾನೇಜರು, ಪಕ್ಕದಲ್ಲಿ ಕಾರ್ಖಾನೆಯ ಡಾಕ್ಟರಮ್ಮ. ಮ್ಯಾನೇಜರು ನನ್ನ ಸರ್ಟಿಫಿಕೇಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಇಂಜೆಕ್ಷನ್ ಚುಚ್ಚಕ್ಕೆ ಬರತ್ತೇನಮ್ಮ?"

"ಇಲ್ಲ ಸಾರ್. ಜನಕ್ಕೆ ಇಂಜೆಕ್ಷನ್ನೇ ಬೇಕಾಗದ ಹಾಗೆ ಇರೋದು ಹೇಗೆ ಅಂತ ಹೇಳಿಕೊಡ್ತೀನಿ."

"ಟೈಪಿಂಗ್ ಆದ್ರೂ ಬರತ್ತಾ?"

"ಇಲ್ಲ ಸಾರ್."

"ಅಂದ್ರೆ ಕೈ ತೊಳ್ಕೊಳ್ಳಿ, ನೀರು ಕಾಯಿಸಿ ಕುಡೀರಿ ಅಂತೀರ, ಅಷ್ಟೇ ತಾನೇ? ಅದನ್ನ ನಮ್ಮಜ್ಜಿನೂ ಹೇಳ್ತಿದ್ರು. ಅವರು ಯಾವ ಯೂನಿವರ್ಸಿಟಿಗೂ ಹೋಗಿರ್ಲಿಲ್ಲ!"

ಹೀಗೆನ್ನುತ್ತಲೇ ಎದ್ದು, ಮೂಲೆಯಲ್ಲಿದ್ದ ಮಡಕೆಗೆ ಬೆರಳುಗಳ ಸಮೇತ ಲೋಟ ಅದ್ದಿ, ಗಟಗಟನೆ ನೀರು ಕುಡಿದರು.

ಕೆಲಸ ಹೋದರೆ ಹೋಗಲಿ ಅನ್ನಿಸಿತು. "ಅಜ್ಜಿ ಹೇಳಿದ್ರು, ಸರಿ. ನೀವು ಕೇಳಿದ್ರಾ ಸಾರ್?" ಎಂದೆ.

ಡಾಕ್ಟರಮ್ಮ ಜೋರಾಗಿ ನಕ್ಕುಬಿಟ್ಟರು. ಮ್ಯಾನೇಜರ ಮುಖ ಕೆಂಪಾಯಿತು. ನಾನು ಹೊರಡಲು ಎದ್ದೆ.

"ಕೂತ್ಕೊಳಮ್ಮ," ಎಂದರು ಡಾಕ್ಟರಮ್ಮ. "ಸಾರ್, ನಮಗೆ ಇವಳೇ ಬೇಕು. ಇಷ್ಟು ವರ್ಷ ನಾನು ಹೇಳಕ್ಕಾಗದೇ ಇದ್ದಿದ್ದನ್ನ ಹೇಳಿದಾಳೆ."

ಮ್ಯಾನೇಜರು ಗೊಣಗುತ್ತಲೇ ಸಹಿ ಹಾಕಿದರು.

ಹೊರಗೆ ಗುಮಾಸ್ತರು ದೊಡ್ಡ ರಿಜಿಸ್ಟರು ತೆರೆದು ತಲೆ ಕೆರೆದುಕೊಂಡರು. "ಮೇಡಂ, ಆರೋಗ್ಯ ಶಿಕ್ಷಕಿ ಅನ್ನೋ ಹುದ್ದೇನೇ ನಮ್ಮಲ್ಲಿಲ್ಲ. ಸದ್ಯಕ್ಕೆ ನಿಮ್ಮನ್ನ ತೋಟದ ಮಾಲಿಗಳ ಜೊತೆ ಸೇರಿಸಿದೀನಿ. ಬೇಜಾರು ಮಾಡ್ಕೋಬೇಡಿ."

ಬೇಜಾರೇನಿಲ್ಲ. ಮಾಲಿಗಳಿಗೆ ವರ್ಷಕ್ಕೊಂದು ಕೊಡೆ ಸಿಗುತ್ತದಂತೆ. ಡಾಕ್ಟರಮ್ಮನಿಗೂ ಆ ಭಾಗ್ಯವಿಲ್ಲ.