ಜಕ್ಕಪ್ಪ ತೋಡಿದ ನಾಲ್ಕನೇ ಪಾಯ

ಗುಡ್ಡದ ಮೇಲೆ ಕರೆಂಟು ಮಾಡುವ ನಾಲ್ಕನೇ ಗಾಳಿ ಫ್ಯಾನು ಯಾರು ನಿಲ್ಲಿಸಿದರು ಎಂದು ಕೇಳಿದರೆ ಜನ ಕಂಪನಿಯ ಹೆಸರು ಹೇಳುತ್ತಾರೆ. ನನಗೆ ಮೈ ಉರಿಯುತ್ತದೆ. ಕಂಪನಿ ಕ್ರೇನು ತಂದಿತು, ಕಂಬ ತಂದಿತು, ರೆಕ್ಕೆ ತಂದಿತು, ನಿಜ. ಆದರೆ ಅಷ್ಟೆತ್ತರದ ಕಂಬ ನಿಂತಿರುವುದು ನೆಲದೊಳಗಿನ ಪಾಯದ ಮೇಲೆ. ಅದಕ್ಕೆ ತಗ್ಗು ತೋಡಿದವನು ಚಿಂಚಲಿಯ ಜಕ್ಕಪ್ಪ.

ತೊಂಬತ್ತೆಂಟನೇ ಇಸವಿಯ ಬೇಸಿಗೆ. ನಾನು ಅಲ್ಲಿ ಕಾಂಕ್ರೀಟಿನೊಳಗಿನ ಕಬ್ಬಿಣದ ಸಳಿ ಕಟ್ಟುವ ಕೆಲಸದಲ್ಲಿದ್ದೆ. ಮೊದಲು ಗುಡ್ಡ ಕಡಿದು ದಾರಿ ಮಾಡಿದರು. ಆಮೇಲೆ ಒಂದೊಂದು ಕಂಬಕ್ಕೂ ಇಪ್ಪತ್ತೈದು ಅಡಿ ಚೌಕದ, ಎಂಟಡಿ ಆಳದ ತಗ್ಗು. ಅದರೊಳಗೆ ನಾವು ಸಳಿಯ ಪಂಜರ ಕಟ್ಟಬೇಕು, ನಡುವೆ ಕಂಬ ಹಿಡಿಯುವ ಬೋಲ್ಟು ನಿಲ್ಲಿಸಬೇಕು, ಮರುದಿನ ಬೆಳಗಿನಿಂದ ಸಂಜೆಯವರೆಗೆ ಕೈಬಿಡದೆ ಕಾಂಕ್ರೀಟು ಸುರಿಯಬೇಕು. ಹದಿನೈದು ತಗ್ಗುಗಳನ್ನೂ ತೋಡುವ ಕೆಲಸ ಜಕ್ಕಪ್ಪನದು. ಅವನು, ಹೆಂಡತಿ ತಾರವ್ವ, ಆರು ಮಂದಿ ಆಳು. ಮಳೆಗಾಲದವರೆಗೆ ಅವರೆಲ್ಲರ ಹೊಟ್ಟೆ ಆ ತಗ್ಗುಗಳ ಮೇಲೆಯೇ.

ಜಕ್ಕಪ್ಪ ಮೂವತ್ತು ವರ್ಷ ಬಾವಿ ತೋಡಿದವನು. ಕಲ್ಲೊಡೆಯಲು ಮದ್ದು ಹಾರಿಸುವಾಗ ಎಡಗೈಯ ಎರಡು ಬೆರಳು ಹೋಗಿದ್ದವು. ಶಾಲೆಯ ಮುಖ ನೋಡಿದವನಲ್ಲ, ಆದರೆ ಹಾರೆ ಎತ್ತಿ ಕುಟ್ಟಿ ಕಲ್ಲಿನ ಕೆಳಗೆ ಏನಿದೆ ಎಂದು ಹೇಳುತ್ತಿದ್ದ.

ನಾಲ್ಕನೇ ತಗ್ಗು ಮುಗಿಯುತ್ತ ಬಂದಾಗ ಒಂದು ಮೂಲೆಯಲ್ಲಿ ಕರಿಕಲ್ಲು ಒಡೆದು ಕೆಂಪು ಹಸಿ ಮಣ್ಣು ಕಂಡಿತು. ನಮ್ಮ ಕಡೆ ಬಾವಿಯಲ್ಲಿ ಆ ಕೆಂಪು ಪದರ ಕಂಡರೆ ನೀರು ಬಂತೆಂದೇ ಅರ್ಥ. ಜಕ್ಕಪ್ಪ ರುಮಾಲು ಹಾರಿಸಿ, "ಗಂಗವ್ವ ಬಂದಾಳೋ!" ಎಂದು ಕೂಗಿದ. ಆಳುಗಳು ಕುಂಕುಮ ಹಚ್ಚಿ ಕಾಯಿ ಒಡೆದೇಬಿಟ್ಟರು.

ಮೇಲಿನಿಂದ ತಾರವ್ವ ಬೈದಳು: "ಕಾಯಿ ಯಾತಕ್ಕ ಒಡದ್ರಿ? ಇದೇನ ಬಾವಿ ಐತೇನು? ಕಂಬ ನಿಂದ್ರೂ ಜಾಗಾರೀ ಇದು!"

ಜಕ್ಕಪ್ಪನ ನಗು ಅಲ್ಲಿಗೇ ಆರಿತು. ಮತ್ತೊಮ್ಮೆ ಹಾರೆ ಕುಟ್ಟಿದ. ಅದು ಮೊಳದುದ್ದ ಒಳಗಿಳಿಯಿತು.

ನಿಪ್ಪಾಣಿಯ ಗುತ್ತೇದಾರ ಭಾವುಸಾಹೇಬ ಬಂದು ಇಣುಕಿದ. "ಏ ಜಕ್ಕ್ಯಾ, ಅದರ ಮ್ಯಾಲ ಖಡಿ ಕಲ್ಲ ಹಾಕಿ ಮುಚ್ಚು. ನಾಳೆ ಸಳಿ ಇಳಸೂದೈತಿ, ನನಗ ಹೊತ್ತಿಲ್ಲ."

"ಮುಚ್ಚಂಗಿಲ್ರಿ ಸಾವ್ಕಾರ್ರ. ಒಂದ ಕಾಲ ಕಲ್ಲಿನ ಮ್ಯಾಲ, ಒಂದ ಕಾಲ ಕೆಸರಾಗ ಇಟ್ಟ ನೀವರೆ ನಿಲ್ತೀರೇನು?"

"ಬಾವಿ ತೋಡಾಂವ ನೀ. ಎಂಜಿನಿಯರ ಯಾವಾಗ ಆದಿ ಲೇ?"

"ಎಂಜಿನಿಯರ ಸಾಹೇಬ್ರು ಮೊದಲ ನಡುವ ತೂತ ಹಾಕಿ ಕಲ್ಲ ನೋಡ್ಯಾರ, ಮೂಲ್ಯಾಗ ನೋಡಿಲ್ಲ. ಅವರನ್ನ ಕರಸ್ರಿ."

"ಕರಸಿದ್ರ ಉಳದ ಹನ್ನೊಂದ ತಗ್ಗು ನಿನಗಿಲ್ಲ, ನೆನಪಿಡು!"

ಜಕ್ಕಪ್ಪ ಆ ಕೆಂಪು ಮಣ್ಣಿನ ಮೇಲೆಯೇ ಚಕ್ಕಳಮಕ್ಕಳ ಹಾಕಿ ಕುಳಿತ. "ಹಂಗಾರ ಖಡಿ ನನ್ನ ಮ್ಯಾಲ ಸುರೀರಿ."

ಆಳುಗಳ ಮುಖ ಸಪ್ಪಗಾಯಿತು. ತಾರವ್ವ ಗಂಡನಿಗೆ ಬುದ್ಧಿ ಹೇಳುತ್ತಾಳೆಂದುಕೊಂಡೆ. ಆಕೆ ರೊಟ್ಟಿಯ ಗಂಟನ್ನು ಹಗ್ಗಕ್ಕೆ ಕಟ್ಟಿ ಅವನ ಮುಂದೆ ಇಳಿಬಿಟ್ಟಳು. ನನಗೂ ರೊಚ್ಚು ಬಂತು. ಕೈಯಲ್ಲಿದ್ದ ಸಳಿ ಬಿಸಾಡಿ ಗುಡ್ಡದ ಬುಡದ ಆಫೀಸಿಗೆ ಓಡಿ ಎಂಜಿನಿಯರ್ ಉತ್ತಮ ಅವರನ್ನು ಕರೆತಂದೆ.

ಜಕ್ಕಪ್ಪ ವಾದಕ್ಕೆ ನಿಲ್ಲಲಿಲ್ಲ, ಹಾರೆಯನ್ನು ಅವರ ಕೈಗಿಟ್ಟ. ಅವರು ಒಂದೇಟು ಹಾಕಿದರು. ಹೂತುಹೋದ ಹಾರೆ ಕೀಳಲು ಇಬ್ಬರು ಬೇಕಾದರು.

"ಗಟ್ಟಿ ಕಲ್ಲ ಸಿಗೂ ತನಕ ಎಲ್ಲಾ ತಗೀರಿ," ಎಂದಷ್ಟೇ ಹೇಳಿ ಬೆವರು ಒರೆಸಿಕೊಂಡರು.

ಇನ್ನೂ ನಾಲ್ಕಡಿ ಇಳಿದ ಮೇಲೆ ಗಟ್ಟಿ ಕಲ್ಲು ಸಿಕ್ಕಿತು. ಭಾವುಸಾಹೇಬನೂ ಆಡಿದ್ದನ್ನು ಮಾಡಿ ತೋರಿಸಿದ: ಐದನೇ ತಗ್ಗಿಗೆ ಬೇರೆ ತಂಡ ಬಂತು. ಜಕ್ಕಪ್ಪ ಹಾರೆ ಹೆಗಲಿಗೇರಿಸಿ ಹೊರಟ. ಆದರೆ ಗುಡ್ಡ ಇಳಿಯಲಿಲ್ಲ. ನೆಟ್ಟಗೆ ಐದನೇ ತಗ್ಗಿಗೆ ಹೋಗಿ ಹೊಸಬರ ನಡುವೆ ನಿಂತ.

"ನಿನಗ ಇಲ್ಲಿ ಕೆಲಸಿಲ್ಲ, ನಡಿ!" ಎಂದು ಭಾವುಸಾಹೇಬ ಅರಚಿದ.

"ಕೆಲಸಾ ಕೇಳಾಕ ಬಂದಿಲ್ರಿ," ಎಂದ ಜಕ್ಕಪ್ಪ, ತಿರುಗಿಯೂ ನೋಡದೆ. ಹಾರೆ ಎತ್ತಿದ್ದ ಹೊಸ ಆಳಿಗೆ ಹೇಳಿದ: "ಲೇ ತಮ್ಮಾ, ನಡುವ ಅಲ್ಲೋ. ಮೂಲ್ಯಾಗ ಹೊಡಿ."